ಶಹ ಅನ್ನದೆ ಆಡಿದ ಆಟ

ಹೋದ ಭಾನುವಾರ ನನ್ನ ತಮ್ಮ ಬಾಯಿ ತುಂಬ ನೀರು ತುಂಬಿಕೊಂಡು ಊರಮಂದಿಯ ಎದುರು ಕೂತಿದ್ದ. ನುಂಗಲಿಲ್ಲ. ಉಗುಳಲಿಲ್ಲ. ಗಲ್ಲ ಎರಡೂ ಉಬ್ಬಿದ್ದವು, ಕಣ್ಣು ಕೆಂಪಾಗಿದ್ದವು, ಹಣೆಯಿಂದ ಬೆವರು ಇಳೀತಿತ್ತು.

ಹಲ್ಲುನೋವಾ? ಅಲ್ಲ. ವ್ರತವಾ? ಅದೂ ಅಲ್ಲ. ತಲೆ ಕೆಟ್ಟಿದೆಯಾ ಅಂತ ಹಿಂದಿನ ಸಾಲಿನಿಂದ ಯಾರೋ ಕೇಳಿಯೂ ಬಿಟ್ಟರು. ಇಲ್ಲ ಮಾರಾಯರೇ, ಚೆಸ್ ಆಡ್ತಿದ್ದ.

ತಡೀರಿ, ಹೇಳ್ತೀನಿ. ಮೊದಲಿನಿಂದ ಹೇಳದಿದ್ದರೆ ನಿಮಗೆ ತಿಳಿಯೋದಿಲ್ಲ, ನನ್ನ ಎದೆಬಡಿತವೂ ಇಳಿಯೋದಿಲ್ಲ. ವಾರ ಆಗ್ತಾ ಬಂತು, ಇನ್ನೂ ಕುಕ್ಕರ್ ಸೀಟಿ ಹೊಡೆದರೆ ಬೆಚ್ಚಿ ಬೀಳ್ತಿದ್ದೀನಿ.

ಈ ಅಂಕಣ ಓದುವವರಿಗೆ ನನ್ನ ತಮ್ಮ ವಸಂತ ಹೊಸಬನಲ್ಲ. (ಸ್ಟೋವ್ ರಿಪೇರಿ ಮಾಡ್ತೀನಿ ಅಂತ ಹೋಗಿ ಹುಬ್ಬು ಸುಟ್ಟುಕೊಂಡ ಮಹಾನುಭಾವ ಇವನೇ.) ನನಗಿಂತ ಬಹಳ ಚಿಕ್ಕವನು. ಅವ್ವ ತೀರಿಕೊಂಡ ಮೇಲೆ ನಾನೇ ಸಾಕಿದೆ. ಈಗ ದಾಂಡೇಲಿಯ ಮಿಲ್ಲಿನಲ್ಲಿ ಬದಲಿ ಕೆಲಸಗಾರ.

ಬದಲಿ ಅಂದರೆ ಏನು ಅಂತ ಈ ಊರಿನವರಿಗೆ ಹೇಳಬೇಕಾಗಿಲ್ಲ. ಹೊರಗಿನವರಿಗೆ ಹೇಳ್ತೀನಿ. ಕಾಯಂ ಕೆಲಸದವರು ಯಾರಾದರೂ ಬರದಿದ್ದರೆ ಆ ಒಂದು ಪಾಳಿಗೆ ಇವನನ್ನು ಒಳಗೆ ಕರೀತಾರೆ. ಮಿಲ್ಲಿನ ಭೋಂಗಾ ಕೂಗೋ ಮೊದಲೇ ಹೋಗಿ ಗೇಟಿನ ಹತ್ತಿರ ನಿಲ್ಲಬೇಕು. ಎಲ್ಲರೂ ಬಂದರೋ, ಡಬ್ಬಿ ಹಿಡಕೊಂಡು ಮನೆಗೆ ವಾಪಸ್. ಯಾರಿಗಾದರೂ ಜ್ವರ ಬಂತೋ, ಇವನಿಗೆ ಕೆಲಸ. ಬೇರೆಯವರ ಮೈ ಕೆಟ್ಟರೆ ನಮ್ಮ ದಿನ ಒಳ್ಳೆಯದು. ಇದು ಎಂಥ ಬಾಳು ಅಂತ ಅವನು ಬೇಸರ ಮಾಡಿಕೊಳ್ತಾನೆ. ಬೇಸರ ಮಾಡಿಕೊಂಡೇ ಮರುದಿನ ಮತ್ತೆ ಗೇಟಿಗೆ ಹೋಗ್ತಾನೆ.

ಹೋದ ವರ್ಷ ಮುಂಡಗೋಡ ಕಡೆ ಚಿಗಳ್ಳಿಯಲ್ಲಿ ಒಂದು ಹೆಣ್ಣು ನೋಡಲು ಹೋಗಿದ್ವಿ. ಹುಡುಗಿಯ ತಂದೆ ಬಹಳ ಮರ್ಯಾದಸ್ಥರು. ಹುಡುಗ ಮಿಲ್ಲಿನಲ್ಲಿದ್ದಾನೆ ಅಂದಕೂಡಲೇ ಮುಖ ಅರಳಿತು. ಬದಲಿ ಅಂದ್ರ ಏನ್ರಿ ಅಂತ ಕೇಳಿದರು. ನಾನು ಹೇಳಿದೆ. ಅವರು ಎರಡನೇ ಸಲ ಅವಲಕ್ಕಿ ಹಾಕಿಸಿ, ಎಲೆ ಅಡಿಕೆ ಕೊಟ್ಟು, ಬಸ್ ಸ್ಟ್ಯಾಂಡಿನ ತನಕ ಬಂದು ಕಳಿಸಿದರು. ಅಷ್ಟೇ. ಮುಂದೆ ಸುದ್ದಿಯಿಲ್ಲ.

ಈಗ ಹುಬ್ಬಳ್ಳಿಯ ದೊಡ್ಡ ಕಚೇರಿಯೊಂದರಲ್ಲಿ ಗುಮಾಸ್ತರ ಜಾಗ ಖಾಲಿ ಬಿದ್ದಿದೆ. ಆಟಗಾರರ ಕೋಟಾದಲ್ಲಿ. ಕಬಡ್ಡಿ, ವಾಲಿಬಾಲ್, ಕೊನೆಯಲ್ಲಿ ಚೆಸ್. ಜಿಲ್ಲೆಯ ಪಂದ್ಯಾವಳಿಯಲ್ಲಿ ಮೊದಲು ಬಂದವರು ಅರ್ಜಿ ಹಾಕಬಹುದು. ಎರಡನೆಯವರಿಗೆ ಆ ಭಾಗ್ಯ ಇಲ್ಲ. ವಯೋಮಿತಿ ಬೇರೆ. ವಸಂತನಿಗೆ ಅದು ಈ ವರ್ಷಕ್ಕೆ ಮುಗೀತು.

ಅಂದರೆ, ಗೆದ್ದರೆ ಅರ್ಜಿ. ಸೋತರೆ ಗೇಟು. ಈ ಎರಡರ ನಡುವೆ ನಾನು.

ಭಾನುವಾರ ಮಧ್ಯಾಹ್ನ ಇಲ್ಲಿನ ಶಾಲೆಯೊಂದರ ಹಾಲಿನಲ್ಲಿ ಫೈನಲ್. ನಾನು ಆಟ ಶುರುವಾಗೋ ಬಹಳ ಮುಂಚೆಯೇ ಹೋಗಿ ಬೆಂಚು ಹಿಡಿದೆ. (ನಮ್ಮ ಮನೆಯವರು ಬರಲಿಲ್ಲ. ನಿನ್ನ ಪಕ್ಕ ಕೂತರೆ ನನಗೆ ಬಿ.ಪಿ. ಏರ್ತದೆ ಅಂದರು.) ಬೆಂಚಿನ ಆ ತುದಿಗೆ ಒಬ್ಬ ಹೆಣ್ಣುಮಗಳು ಕೂತಿದ್ದಳು. ಸಿದ್ದಿ ಜನದವಳು, ನನಗಿಂತ ಹತ್ತು ವರ್ಷಕ್ಕಾದರೂ ಚಿಕ್ಕವಳು. ಕೈಯಲ್ಲಿ ಒಂದು ಚೀಲ, ಚೀಲದಿಂದ ಊಟದ ಡಬ್ಬಿಯ ಹಿಡಿಕೆ ಹೊರಗೆ ಕಾಣ್ತಿತ್ತು. ಹೆಸರು ಲೂಸಿ ಅಂದಳು. ಹಳಿಯಾಳದ ಆಚೆಯ ಹಳ್ಳಿ. ಬೆಳಿಗ್ಗೆಯ ಬಸ್ಸಿಗೇ ಬಂದಿದ್ದಳಂತೆ.

ನಾನು ಟೆಲಿಫೋನ್ ಎಕ್ಸ್‌ಚೇಂಜಿನವಳು ಅನ್ನೋದು ನಿಮಗೆ ಗೊತ್ತಲ್ಲ. ದಿನವಿಡೀ ಕಿವಿಗೆ ಯಂತ್ರ ಸಿಕ್ಕಿಸಿಕೊಂಡು ಊರಿನ ಟ್ರಂಕ್ ಕಾಲ್ ಕೂಡಿಸೋದು. ನಂಬರ್ ಬಿಟ್ಟು ಬೇರೆ ಒಂದು ಮಾತು ಆಡೋ ಹಾಗಿಲ್ಲ. ಅದಕ್ಕೇ ರಜೆಯ ದಿನ ಯಾರು ಸಿಕ್ಕರೂ ನಾನು ಬಿಡೋದಿಲ್ಲ. ಲೂಸಿ ಸಿಕ್ಕಳು. ಹೇಳಿದೆ. ತಮ್ಮನ ಗೇಟು, ಚಿಗಳ್ಳಿಯ ಅವಲಕ್ಕಿ, ಹುಬ್ಬಳ್ಳಿಯ ಕಚೇರಿ, ವಯಸ್ಸು, ಒಂದೂ ಬಿಡಲಿಲ್ಲ. ಅವಳು ಹೂಂ ಹೂಂ ಅಂತ ಕೇಳಿದಳು. ಎಷ್ಟು ಒಳ್ಳೆಯ ಹೆಣ್ಣುಮಗಳು ಅಂತ ನನಗೆ ಅನ್ನಿಸಿಬಿಟ್ಟಿತು. ಕೊನೆಗೆ ದನಿ ಸಣ್ಣ ಮಾಡಿ, ಎದುರಿನವನ ಕೈ ನಡುಗಿ ನಡೆ ತಪ್ಪಲಿ ಅಂತ ನಮ್ಮೂರ ದೇವರು ದಾಂಡೇಲಪ್ಪನಿಗೆ ತೆಂಗಿನಕಾಯಿ ಹೇಳಿಕೊಂಡಿದ್ದೀನಿ ಅಂತಲೂ ಹೇಳಿದೆ.

ಲೂಸಿ ಚೀಲವನ್ನು ಮಡಿಲಿಗೆ ಎಳಕೊಂಡಳು. ಆಮೇಲೆ ಬಹಳ ಮೆತ್ತಗೆ ಹೇಳಿದಳು.

"ನಮ್ಮವ್ರ ಕೈ ನಡಗೂದಿಲ್ರಿ ಅಕ್ಕಾರ."

ನೋಡಿ, ಭೂಮಿ ಬಾಯಿ ಬಿಡಬೇಕು ಅಂತಾರಲ್ಲ, ಆ ಹೊತ್ತಿನಲ್ಲಿ ಅದು ಎಂದೂ ಬಿಡೋದಿಲ್ಲ. ನಾನು ಬೆಂಚು ಬಿಟ್ಟು ಏಳಬೇಕು ಅಂದುಕೊಂಡೆ. ಎಲ್ಲಿಗೆ? ಹಾಲು ತುಂಬಿತ್ತು. ಅವಳೇ ಜರುಗಿ ಕೂರ್ರಿ ಅಂತ ಜಾಗ ಮಾಡಿದಳು. ಅವಳ ಗಂಡ ಬಸ್ತ್ಯಾಂವ. ಹಳಿಯಾಳದ ನಾಟಾ ಡಿಪೋದಲ್ಲಿ ಮರದ ದಿಮ್ಮಿಗೆ ನಂಬರ್ ಹೊಡೆಯೋ ದಿನಗೂಲಿ ಕೆಲಸ. ಚಿಕ್ಕವನಿದ್ದಾಗ ಹಾಸ್ಟೆಲಿನಲ್ಲಿ ಆಟ ಕಲಿತನಂತೆ. ಗೆದ್ದರೆ ಅವನೂ ಹುಬ್ಬಳ್ಳಿಗೆ ಅರ್ಜಿ ಹಾಕೋನೇ. ಲೂಸಿಗೆ ಆಟದ ಗಂಧಗಾಳಿ ಇಲ್ಲ. ಗಂಡನ ಮುಖ ನೋಡಿ ತಿಳಕೋತೀನಿ ಅಂದಳು. ಆದರೂ ಇವತ್ತು ಗಾಬರಿ ಆಗೇತಿ, ನಡನಡುವೆ ಯಾರು ಮುಂದ ಅದಾರ ಅಂತ ನೀವ ಹೇಳ್ರಿ ಅಂತ ನನ್ನನ್ನೇ ಕೇಳಿಕೊಂಡಳು.

ನಾನು! ಅವಳ ಗಂಡನ ಕೈ ನಡುಗಲಿ ಅಂತ ಕಾಯಿ ಹೇಳಿಕೊಂಡವಳು!

ಆಗಲಿ ಅಂದೆ. ಇನ್ನೇನು ಅನ್ನಲಿ?

ನನಗೆ ಆಟ ಗೊತ್ತಿದೆ. ಆದರೆ ಅದು ಅಪ್ಪನ ಆಟ. ಅಪ್ಪ ಕ್ಯಾಸಲ್‌ರಾಕ್ ಸ್ಟೇಷನ್ನಿನಲ್ಲಿ ಹಳಿ ತಿರುಗಿಸೋ ಪಾಯಿಂಟ್ಸ್‌ಮನ್ ಆಗಿದ್ದರು. ಒಂದು ಗಾಡಿ ಘಟ್ಟ ಇಳಿದು ಮತ್ತೊಂದು ಬರೋ ತನಕ ಅಲ್ಲಿನವರಿಗೆಲ್ಲ ಬುದ್ಧಿಬಳವೇ (ಇದೇ ಚೆಸ್ಸು) ಗತಿ. ಸ್ಟೇಷನ್ನಿನ ಕಟ್ಟೆಯ ಮೇಲೆ ಮನೆ ಕೊರೆದು ಆಡೋರು. ಅಲ್ಲಿನ ಕಾಯ್ದೆ ಬೇರೆ. ಪ್ಯಾದೆ, ಅಂದರೆ ಕಾಲಾಳು, ಒಂದೊಂದೇ ಮನೆ ನಡೀಬೇಕು, ಮೊದಲ ನಡೆಯೂ ಅಷ್ಟೇ. ರಾಜ ಆಟದಲ್ಲಿ ಒಂದೇ ಸಲ ಕುದುರೆಯ ಹಾಗೆ ಜಿಗೀಬಹುದು. ಇನ್ನೊಂದು ಕಾಯ್ದೆ ಎಲ್ಲಕ್ಕಿಂತ ಮುಖ್ಯ. ರಾಜನ ಮೇಲೆ ಹೋದರೆ ಗಟ್ಟಿಯಾಗಿ ಶಹ ಅನ್ನಬೇಕು, ಅವನಿಗೆ ಹೋಗಲಿಕ್ಕೆ ಮನೆಯೇ ಉಳಿಯದಿದ್ದರೆ ಮಾತ ಅನ್ನಬೇಕು. ವಜೀರನ (ಇಂಗ್ಲಿಷ್ ಆಟದ ರಾಣಿ) ಮೇಲೆ ಹೋದರೂ ಹೇಳಬೇಕು, ವಜೀರ ನೋಡ್ರಿ ಅಂತ. ಹೇಳದೆ ವಜೀರ ಹೊಡೆದವನ ಜೊತೆ ಅಪ್ಪ ಮತ್ತೆ ಆಡ್ತಿರಲಿಲ್ಲ. ಅದು ಆಟವಲ್ಲ, ಜೇಬುಗಳ್ಳತನ ಅಂತಿದ್ದರು.

ವಸಂತ ಕಲಿತದ್ದೂ ಅದೇ ಕಟ್ಟೆಯ ಮೇಲೆ. ಆಮೇಲೆ ಧಾರವಾಡದಿಂದ ಹರಕು ಇಂಗ್ಲಿಷ್ ಪುಸ್ತಕ ಒಂದನ್ನು ತಂದು, ಡಿಕ್ಷನರಿ ಇಟ್ಟುಕೊಂಡು ಓದಿ, ಹೊಸ ಕಾಯ್ದೆ ಕಲಿತ. ಕೈ ಹೊಸದು ಕಲಿತು. ನಾಲಿಗೆ ಹಳೆಯದರಲ್ಲೇ ಉಳೀತು. ಇದನ್ನು ನಾನೂ ಲಕ್ಷ್ಯಕ್ಕೆ ತಂದುಕೊಂಡಿರಲಿಲ್ಲ, ಅವನೂ ತಂದುಕೊಂಡಿರಲಿಲ್ಲ. ಮೊದಲಿನ ಸುತ್ತುಗಳಲ್ಲಿ ಇಲ್ಲಿಯ ಹುಡುಗರೇ ಎದುರಿಗಿದ್ದರು. ಅವರೂ ಶಹ ಅಂತಿದ್ದರು, ಇವನೂ ಅಂತಿದ್ದ. ಕೇಳುವವರು ಇರಲಿಲ್ಲ. ಫೈನಲ್ಲಿಗೆ ಮಾತ್ರ ಕಾರವಾರದಿಂದ ಒಬ್ಬ ಪಂಚರು, ಅಂದರೆ ಅಂಪೈರು, ಬಂದಿದ್ದರು. ಕೊರಳ ತನಕ ಗುಂಡಿ ಹಾಕಿದ ಶರಟು, ಎದುರಿಗೆ ಎರಡು ಮುಖದ ಗಡಿಯಾರ, ನಡೆ ಆದಮೇಲೆ ಒತ್ತೋದು. ನೋಡಿದರೇ ಹೆದರಿಕೆ ಆಗಬೇಕು.

ಆಟ ಶುರುವಾಯ್ತು.

ವಸಂತನದು ಬಿಳಿ ಕಾಯಿ. ರಾಜನ ಮುಂದಿನ ಪ್ಯಾದೆ ಎರಡು ಮನೆ ನಡೆಸಿದ. ಬಸ್ತ್ಯಾಂವನೂ ಹಾಗೇ ಮಾಡಿದ. ಎರಡೂ ಪ್ಯಾದೆ ಎದುರುಬದುರು ನಿಂತವು. ಇಲ್ಲಿ ತನಕ ಸರಿ. ಎರಡನೇ ನಡೆಗೇ ನಮ್ಮ ಸಾಹೇಬರು ಪಕ್ಕದ ಪ್ಯಾದೆಯನ್ನು ಎತ್ತಿ ಸೀದಾ ಬಸ್ತ್ಯಾಂವನ ಬಾಯಿಗಿಟ್ಟರು. ತಗೋ, ತಿನ್ನು ಅಂತ.

ಇದಕ್ಕೆ ಕಿಂಗ್ಸ್ ಗ್ಯಾಂಬಿಟ್ ಅಂತ ಹೆಸರು. ರಾಜನ ಬಾಗಿಲ ಪ್ಯಾದೆಯನ್ನು ಪುಕ್ಕಟೆ ಕೊಟ್ಟು, ಅದರ ಬದಲಿಗೆ ಉಳಿದ ಕಾಯಿಗಳನ್ನು ಭರಭರ ಹೊರಗೆ ತರೋದು. ಮನೆಯಲ್ಲಿ ನನ್ನ ಜೊತೆ ಹತ್ತಾರು ಸಲ ಆಡಿದ್ದ. ನಾನು ಪ್ರತಿ ಸಲ ಪ್ಯಾದೆ ತಿಂದಿದ್ದೆ. (ಸಾಬೂನಿನ ಜೊತೆ ಚಮಚ ಪುಕ್ಕಟೆ ಅಂದರೆ ಬೇಡದಿದ್ದರೂ ಸಾಬೂನು ತರೋಳು ನಾನು. ಪ್ಯಾದೆ ಬಿಡ್ತೀನಾ?) ಅರ್ಧ ಸಲ ನಾನೇ ಗೆದ್ದಿದ್ದೆ. ನನ್ನಂಥವಳ ಕೈಲಿ ಸೋಲೋ ಆಟವನ್ನು ಫೈನಲ್ಲಿನಲ್ಲಿ ಆಡಬೇಡವೋ ಅಂತ ಎಷ್ಟು ಹೇಳಿದ್ದೆ. ಅನ್ನ ಬಡಿಸ್ತಾ ಹೇಳಿದ್ದೆ, ಬಟ್ಟೆ ಹಿಂಡ್ತಾ ಹೇಳಿದ್ದೆ. ಆಗಲಿ ಅಕ್ಕಾ ಅಂದಿದ್ದ. ಈ ಗಂಡಸರ ಆಗಲಿಯನ್ನು ನಂಬಿದವರು ಉದ್ಧಾರ ಆಗಿದ್ದುಂಟಾ?

ಬಸ್ತ್ಯಾಂವ ಪ್ಯಾದೆ ತಿಂದ. ವಸಂತ ಕುದುರೆ ತಂದ, ಒಂಟೆ ತಂದ. ಬಸ್ತ್ಯಾಂವ ಅಂಚಿನ ಕಡೆಯ ಪ್ಯಾದೆಯನ್ನು ದಬ್ಬಿಕೊಂಡು ಬಂದು ಆ ಕುದುರೆಯನ್ನೇ ಗದರಿಸಿದ. ಕುದುರೆ ಓಡಬೇಕಲ್ಲವಾ? ಓಡಿಸಲಿಲ್ಲ. ಇವನು ಅದನ್ನು ಅಲ್ಲೇ ಬಿಟ್ಟು, ರಾಜನನ್ನು ಮೂಲೆಗೆ ಸೇರಿಸಿ, ಆನೆಯನ್ನು ಈಚೆ ತಂದು, ಆರಾಮಾಗಿ ಗಡಿಯಾರ ಒತ್ತಿದ. ಬಸ್ತ್ಯಾಂವ ಕುದುರೆಯನ್ನೂ ತಿಂದ.

"ಯಾರು ಮುಂದ ಅದಾರ್ರಿ?" ಲೂಸಿ ಕೇಳಿದಳು.

ನಿಮ್ಮವರು ಅಂದೆ. ನನ್ನ ಬಾಯಿ ಒಣಗಿತ್ತು. ಅವಳು ಚೀಲದಿಂದ ಒಂದು ಪೇರಲೆ ಹಣ್ಣು ತೆಗೆದು ನನ್ನ ಕೈಗಿಟ್ಟಳು. ಬೇಡ ಅನ್ನಲಿಕ್ಕೂ ಆಗಲಿಲ್ಲ, ತಿನ್ನಲಿಕ್ಕೂ ಆಗಲಿಲ್ಲ. ಹಿಡಕೊಂಡು ಕೂತೆ.

ಆಡುವವರಿಗೇನು? ಅವರ ಕೈಗೊಂದು ಕೆಲಸ ಇರ್ತದೆ. ಯೋಚನೆ ಮಾಡಬೇಕು, ನಡೆಸಬೇಕು, ಗಡಿಯಾರ ಒತ್ತಬೇಕು. ನೋಡುವವರಿಗೆ ಏನಿದೆ? ಪರೀಕ್ಷೆ ಹಾಲಿನ ಹೊರಗೆ ನಿಂತ ತಾಯಂದಿರನ್ನು ನೋಡಿ. ಆಪರೇಷನ್ ಥಿಯೇಟರಿನ ಬಾಗಿಲಲ್ಲಿ ನಿಂತ ಗಂಡಂದಿರನ್ನು ನೋಡಿ. ಒಳಗಿರುವವರಿಗೆ ಒಂದು ಸಲ ಆದರೆ ಹೊರಗಿರುವವರಿಗೆ ನೂರು ಸಲ ಆಗ್ತದೆ. ಎಕ್ಸ್‌ಚೇಂಜಿನಲ್ಲಿ ನಾನು ದಿನಾ ಕೇಳ್ತೀನಲ್ಲ, ಟ್ರಂಕ್ ಕಾಲ್ ಸಿಗೋ ತನಕ ಕಾಯೋರ ಉಸಿರು. ಅಳುವವರಿಗಿಂತ ಕಾಯುವವರ ದನಿ ಕೇಳಲಿಕ್ಕೆ ಕಷ್ಟ.

ಆದರೆ ನೋಡ್ತಾ ನೋಡ್ತಾ ಹಲಗೆಯ ಮೇಲೆ ಏನೋ ಬದಲಾಗಿತ್ತು. ಒಂದು ಪ್ಯಾದೆ, ಒಂದು ಕುದುರೆ ಕಳಕೊಂಡ ನಮ್ಮವನ ಕಾಯಿಗಳೆಲ್ಲ ಅಂಗಳಕ್ಕೆ ಬಂದಿದ್ದವು. ಬಸ್ತ್ಯಾಂವನ ಕಡೆ ವಜೀರ ಒಬ್ಬನೇ ನಡುಬೀದಿಯಲ್ಲಿ, ಉಳಿದವು ಅರ್ಧಕ್ಕರ್ಧ ಹುಟ್ಟಿದ ಮನೆಯಲ್ಲೇ. ತಿನ್ನೋದರಲ್ಲೇ ಹೊತ್ತು ಹೋಗಿತ್ತು, ಪಾಪ. ವಸಂತ ಮತ್ತೊಂದು ಆನೆಯನ್ನು ರಾಜನ ಸಾಲಿಗೆ ಸರಿಸಿದ. ಎದುರಿಗೆ ಅಡ್ಡ ಏನೂ ಇಲ್ಲದೆ ಬಸ್ತ್ಯಾಂವನ ವಜೀರ.

ಸರಿಸಿದವನು ಗಡಿಯಾರ ಒತ್ತಿ ಸುಮ್ಮನಿರಬೇಕೋ ಬೇಡವೋ?

"ವಜೀರ ನೋಡ್ರಿ" ಅಂದುಬಿಟ್ಟ.

ಸಹಜವಾಗಿ ಅಂದ. ಕ್ಯಾಸಲ್‌ರಾಕಿನ ಕಟ್ಟೆಯ ಮೇಲೆ ಅಂದ ಹಾಗೇ ಅಂದ. ಹಾಲಿನಲ್ಲಿದ್ದ ನಮ್ಮ ಕಡೆಯವರು ಯಾರಿಗೂ ಅದು ವಿಶೇಷ ಅನ್ನಿಸಲಿಲ್ಲ. ಕಾರವಾರದ ಪಂಚರು ಮಾತ್ರ ಚೇಳು ಕಡಿದವರಂತೆ ಎದ್ದರು. ಎರಡೂ ಗಡಿಯಾರ ನಿಲ್ಲಿಸಿದರು. ಆಟದ ನಡುವೆ ಎದುರಾಳಿಯ ಜೊತೆ ಮಾತಾಡೋದು ಕಾಯ್ದೆಗೆ ವಿರುದ್ಧ, ಇದರಿಂದ ಅವರ ಲಕ್ಷ್ಯ ಕೆಡ್ತದೆ ಅಂದರು. ವಸಂತನ ಮುಖ ಸುಣ್ಣದಂತೆ ಬೆಳ್ಳಗಾಯ್ತು. ಬಸ್ತ್ಯಾಂವ ಎದ್ದು ನಿಂತು, ಇರಲಿ ಬಿಡ್ರಿ ಸರ್, ನಮ್ಮ ಕಡೆನೂ ಹಿಂಗ ಹೇಳ್ತೇವಿ, ನಾ ಮೊದಲ ನೋಡೇನಿ ಅಂದ. ಪಂಚರು ಅವನಿಗೂ ಕೂರ್ರಿ ಅಂದರು. ಆಮೇಲೆ ವಸಂತನ ಕಡೆ ತಿರುಗಿ ಒಂದೊಂದೇ ಶಬ್ದ ಬಿಡಿಸಿ ಹೇಳಿದರು.

"ಇನ್ನೊಂದು ಶಬ್ದ ಬಾಯಿಂದ ಬಂದರೆ ಆಟ ಎದುರಿನವರಿಗೆ ಕೊಡ್ತೇನೆ. ಶಹ ಅಂತಲೂ ಅನ್ನುವ ಹಾಗಿಲ್ಲ."

ಗಡಿಯಾರ ಮತ್ತೆ ಓಡಿಸಿದರು.

ನಿಮಗೆ ಇದರ ಕಷ್ಟ ತಿಳೀತಿಲ್ಲ ಅಂತ ಕಾಣ್ತದೆ. ಚಪ್ಪಲಿ ಬಿಟ್ಟು ಗುಡಿಯೊಳಗೆ ಹೋಗೋ ರೂಢಿ ಇದ್ದವರಿಗೆ, ಇವತ್ತು ಹಾಕಿಕೊಂಡೇ ಹೋಗು ಅಂದ ಹಾಗೆ. ಬುದ್ಧಿ ಬಂದಾಗಿನಿಂದ ರಾಜನ ಮೇಲೆ ಹೋದಾಗೆಲ್ಲ ಶಹ ಅಂದವನು. ಅದು ಮಾತಲ್ಲ, ಕೈಯ ಜೊತೆ ತಾನೇ ಬರೋದು. ಸೀನು ಬರೋ ಹಾಗೆ. ಮತ್ತೆ ಅವನಿಗೀಗ ಇದ್ದದ್ದು ಶಹ ಕೊಡೋ ಆಟವೇ! ಕಾಯಿಗಳನ್ನೆಲ್ಲ ಕೊಟ್ಟು ಕೊಂಡದ್ದೇ ಅದನ್ನು. ಶಹ ಮೇಲೆ ಶಹ ಕೊಟ್ಟು ರಾಜನನ್ನು ಓಡಾಡಿಸದಿದ್ದರೆ, ಒಂದು ಕುದುರೆ ಕಡಿಮೆ ಇರೋನು ಸಂಜೆಯೊಳಗೆ ಸೋಲೋದು ಖಂಡಿತ.

ಒಂದು ಶಹ ಬಾಯಿ ತಪ್ಪಿ ಬಂದರೆ ಹುಬ್ಬಳ್ಳಿಯೂ ಇಲ್ಲ, ಚಿಗಳ್ಳಿಯೂ ಇಲ್ಲ. ನಾಳೆ ಬೆಳಿಗ್ಗೆ ಮತ್ತೆ ಗೇಟು.

ನಾನು ಬೆಂಚಿನ ಅಂಚು ಹಿಡಕೊಂಡೆ. ಬಸ್ತ್ಯಾಂವ ವಜೀರನನ್ನು ಹಿಂದಕ್ಕೆ ತಂದ. ವಸಂತ ಆಡಲಿಲ್ಲ. ಗಡಿಯಾರ ಓಡ್ತಿತ್ತು. ಅವನ ತುಟಿ ಆಗಲೇ ಅಲ್ಲಾಡ್ತಾ ಇರೋದು ನನಗೆ ಕಾಣ್ತಿತ್ತು. ಆಮೇಲೆ ಎದ್ದ. ಮೂಲೆಯಲ್ಲಿ ಮಣ್ಣಿನ ಹೂಜಿ ಇಟ್ಟಿದ್ದರು. ಹೋಗಿ ಒಂದು ಲೋಟ ನೀರನ್ನು ಎತ್ತಿ ಬಾಯಿಗೆ ಹುಯ್ದುಕೊಂಡ. ಕುಡಿದ ಅಂತ ಎಲ್ಲರೂ ತಿಳಕೊಂಡರು. ತಿರುಗಿ ಬಂದು ಕೂತಾಗ ಗಲ್ಲ ಎರಡೂ ಉಬ್ಬಿದ್ದವು.

ಆಗ ನನಗೆ ತಿಳೀತು. ನಗಬೇಕೋ ಅಳಬೇಕೋ ತಿಳೀಲಿಲ್ಲ. ಖರೇ ಹೇಳ್ತೀನಿ, ಅತ್ತುಬಿಟ್ಟೆ.

ಒಂಟೆಯಿಂದ ಮೊದಲ ಶಹ. ಕೈ ಕಾಯಿ ಇಟ್ಟಿತು, ಗಂಟಲು ಒಂದು ಸಲ ಮೇಲೆ ಕೆಳಗೆ ಆಯ್ತು, ಗಲ್ಲ ಅದುರಿತು. ನೀರು ಒಳಗೇ ಇತ್ತು. ಬಸ್ತ್ಯಾಂವ ರಾಜನನ್ನು ಸರಿಸಿದ. ಆನೆಯಿಂದ ಶಹ. ಮತ್ತೆ ಗಂಟಲು. ಇಡೀ ಹಾಲು ಈಗ ಹಲಗೆ ನೋಡೋದು ಬಿಟ್ಟು ಅವನ ಗಂಟಲು ನೋಡ್ತಿತ್ತು. ಯಾರೋ ಹಿಂದೆ ಕೆಮ್ಮಿದರು, ನಾನು ತಿರುಗಿ ಹೇಗೆ ನೋಡಿದೆನೋ ಏನೋ, ಅವರು ಎದ್ದು ಹೊರಗೇ ಹೋದರು. ಕೆಮ್ಮು ಅಂಟಿದರೆ? ಬಿಕ್ಕಳಿಕೆ ಬಂದರೆ? ನೀರು ಗಂಟಲಿಗೆ ಇಳಿದು ಉಬ್ಬಸ ಬಂದರೆ? ನಾನಿಲ್ಲಿ ಒಂದು ಹನಿ ನೀರಿಲ್ಲದೆ ಉಸಿರು ಕಟ್ಟಿ ಕೂತಿದ್ದೆ.

ಪಂಚರು ಬಗ್ಗಿ, ಏನಾದರೂ ತೊಂದರೆ ಇದೆಯಾ ಅಂತ ಕೇಳಿದರು. ನೋಡಿ ಇವರ ಕಥೆ. ಮಾತಾಡಬೇಡ ಅಂದವರೂ ಇವರೇ, ಮಾತಾಡಿಸುವವರೂ ಇವರೇ. ವಸಂತ ಎರಡೂ ಕೈ ಅಲ್ಲಾಡಿಸಿ ಇಲ್ಲ ಅಂತ ಸನ್ನೆ ಮಾಡಿದ.

ಬಸ್ತ್ಯಾಂವ ತಲೆ ಎತ್ತಿ ಇವನ ಮುಖ ನೋಡಿದ. ಒಂದು ಗಳಿಗೆ ನೋಡಿದ. ಅವನಿಗೆ ತಿಳೀತು. ತುಟಿಯ ಅಂಚಿನಲ್ಲಿ ನಗು ಬಂದದ್ದನ್ನು ನಾನು ಕಂಡೆ. ದೇವರೇ, ಅವನು ನಕ್ಕರೆ ಇವನೂ ನಗ್ತಾನೆ, ಮುಗೀತು ಅಂದುಕೊಂಡೆ. ಬಸ್ತ್ಯಾಂವ ನಗಲಿಲ್ಲ. ಕಣ್ಣು ಕೆಳಗೆ ಹಾಕಿ, ಕೈಯಿಂದ ಬಾಯಿ ಒರೆಸಿಕೊಂಡು, ರಾಜನನ್ನು ಇನ್ನೊಂದು ಮನೆಗೆ ಸರಿಸಿದ. ಬೇಕಂತಲೇ ನಗಿಸಬಹುದಿತ್ತು. ಒಂದು ಕಣ್ಣು ಹೊಡೆದಿದ್ದರೆ ಸಾಕಿತ್ತು. ಅವನಿಗೂ ಹುಬ್ಬಳ್ಳಿ ಬೇಕಾಗಿತ್ತು, ಮರೀಬೇಡಿ.

"ಈಗ ಯಾರು ಮುಂದ ಅದಾರ್ರಿ?"

ಲೂಸಿಯ ಪ್ರಶ್ನೆ. ಹೇಳ್ತೀನಿ ಅಂತ ಮಾತು ಕೊಟ್ಟವಳು ನಾನೇ. ನಿಮ್ಮವರು ಅನ್ನಬಹುದಿತ್ತು, ಕಾಯಿ ಎಣಿಸಿದರೆ ಇನ್ನೂ ಅವರೇ ಮುಂದೆ. ಅವಳ ಕಡೆ ನೋಡಿದೆ. ಅವಳು ನನ್ನ ಮುಖವನ್ನೇ ನೋಡ್ತಿದ್ದಳು. ಗಂಡನ ಮುಖ ಓದುವವಳಿಗೆ ನನ್ನ ಮುಖ ಓದೋದೇನು ಕಷ್ಟ? ಇರ್ಲಿ ಬಿಡ್ರಿ ಅಂದಳು. ಚೀಲದ ಬಾಯನ್ನು ಬಿಗಿದು ಕಟ್ಟತೊಡಗಿದಳು. ಬಿಚ್ಚಿದಳು. ಮತ್ತೆ ಕಟ್ಟಿದಳು.

ವಿಚಿತ್ರ ನೋಡಿ. ನನ್ನ ತಮ್ಮ ಗೆಲ್ಲಲಿ ಅಂತ ಜೀವ ಒದ್ದಾಡ್ತಿತ್ತು. ಅದೇ ಹೊತ್ತಿಗೆ, ಈ ಹುಡುಗಿ ಅಳದಿರಲಿ ಅಂತಲೂ ಒದ್ದಾಡ್ತಿತ್ತು. ಎರಡೂ ಆಗೋದು ಸಾಧ್ಯವೇ? ಒಬ್ಬಳ ಎದೆಯಲ್ಲಿ ಎರಡು ಗಾಬರಿ ಹಿಡಿಸ್ತವೆ ಅಂತ ನನಗೆ ಗೊತ್ತಿರಲಿಲ್ಲ.

ವಸಂತ ವಜೀರನನ್ನು ಎತ್ತಿದ. ಇಟ್ಟ. ಬಸ್ತ್ಯಾಂವನ ರಾಜನಿಗೆ ಒಂದು ಕಡೆ ಆನೆ, ಒಂದು ಕಡೆ ಒಂಟೆ, ಹಿಂದೆ ಅವನದೇ ತಿಂದು ಕೊಬ್ಬಿದ ಕಾಯಿಗಳು. ಹೋಗಲಿಕ್ಕೆ ಮನೆಯಿಲ್ಲ. ವಸಂತನ ಕಣ್ಣಿನಿಂದ ನೀರು ಇಳೀತಿತ್ತು, ಗಲ್ಲದ ನೀರು ಗಲ್ಲದಲ್ಲೇ ಇತ್ತು. ಹೇಳಬೇಕಾದ ಮಾತು ಬಾಯಿಗೆ ಬಂದು ನಿಂತಿದೆ, ಹೇಳೋ ಹಾಗಿಲ್ಲ. ಪಂಚರಿಗೆ ಇನ್ನೂ ಹೊಳೆದಿರಲಿಲ್ಲ, ಕನ್ನಡಕ ಸರಿ ಮಾಡಿಕೊಂಡು ಬಗ್ಗಿದ್ದರು. ಬಸ್ತ್ಯಾಂವ ಬಹಳ ಹೊತ್ತು ಹಲಗೆ ನೋಡಿದ. ಆಮೇಲೆ ತಾನೇ ರಾಜನನ್ನು ಮಲಗಿಸಿದ.

"ಮಾತ ಆತ್ರಿ ಸರ್" ಅಂದ. ನಮ್ಮವನ ಪಾಲಿನ ಮಾತನ್ನು ಅವನೇ ಹೇಳಿದ.

ವಸಂತ ಕಿಟಕಿಗೆ ಓಡಿದ. ಶಾಲೆಯ ದಾಸವಾಳದ ಗಿಡಕ್ಕೆ ಆವತ್ತು ಒಳ್ಳೆ ನೀರು ಬಿತ್ತು. ಜನ ಚಪ್ಪಾಳೆ ತಟ್ಟಿದರು, ಕೆಲವರು ಅವನನ್ನು ಎತ್ತಲಿಕ್ಕೂ ನೋಡಿದರು. ನಾನು ಮಾತ್ರ ಏಳಲಿಲ್ಲ. ಲೂಸಿ ಕೈ ಚಾಚಿ ನನ್ನ ಕೈಯಲ್ಲಿದ್ದ ಪೇರಲೆ ಹಣ್ಣನ್ನು ತಗೊಂಡಳು. ಹಿಚುಕಿ ಹಿಚುಕಿ ಅದರ ಆಕಾರವೇ ಕೆಟ್ಟಿತ್ತು. ಬ್ಯಾರೆ ಕೊಡ್ತೇನ್ರಿ ಅಂದಳು.

ಬಸ್ ಸ್ಟ್ಯಾಂಡಿನ ಎದುರು ನಾಲ್ಕೂ ಜನ ಚಹಾ ಕುಡಿದ್ವಿ. ವಸಂತನೇ ಕರೆದ. ಊರಿನವರು ಬಂದು ಬಂದು ಅವನ ಬೆನ್ನು ತಟ್ಟಿದರು. ಎದುರಾಳಿಗೆ ವಜೀರ ನೋಡು ಅಂತ ಹೇಳಿ ಆಡಿದೆಯಲ್ಲ, ಎಂಥಾ ದೊಡ್ಡ ಮನಸ್ಸು ಅಂತ ಹೊಗಳಿದರು. ವಸಂತ ನಾಚಿಕೊಂಡು, ದೊಡ್ಡ ಮನಸ್ಸಲ್ರಿ, ನಾಲಿಗಿ ಜಾರಿತು ಅಂತ ಹೇಳ್ತಾನೇ ಇದ್ದ. ಯಾರೂ ಕೇಳಲಿಲ್ಲ. ಜನರಿಗೆ ಒಳ್ಳೆಯ ಕಥೆ ಬೇಕು, ಖರೇ ಸಂಗತಿ ಯಾರಿಗೆ ಬೇಕು?

ನಾನು ಒಂದೇ ಕೇಳಿದೆ. ಅಷ್ಟು ಹೇಳಿದರೂ ಆ ದರಿದ್ರ ಪ್ಯಾದೆಯನ್ನು ಯಾಕೆ ಕೊಟ್ಟೆ? ಬಸ್ತ್ಯಾಂವ ಗೋಡೆ ಕಟ್ಟಿದ ಹಾಗೆ ಆಡೋನು, ಅವನ ಎದುರು ಮೆಲ್ಲಗೆ ಆಡಿದ್ದರೆ ಆಗ್ತಿರಲಿಲ್ಲವೇ?

"ಅಕ್ಕಾ, ಕಾದು ಆಡೂ ಆಟ ನನ್ನ ಕಡಿಂದ ಆಗೂದಿಲ್ಲ" ಅಂದ. "ದಿನಾ ಗೇಟಿನ್ಯಾಗ ಕಾದು ಕಾದು ಸಾಕಾಗೇತಿ. ಹ್ವಾದ್ರ ಒಮ್ಮೆಲೇ ಹೋಗ್ಲಿ, ಬಂದ್ರ ಒಮ್ಮೆಲೇ ಬರ್ಲಿ ಅಂತ ಕೊಟ್ಟೆ."

ನಾನು ಬೈಯಲಿಕ್ಕೆ ತೆಗೆದ ಬಾಯನ್ನು ಚಹಾ ಕುಡಿದು ಮುಚ್ಚಿಕೊಂಡೆ. ಬಸ್ತ್ಯಾಂವ ತಲೆ ಆಡಿಸಿದ. ಅವನಿಗೆ ಇನ್ನೊಬ್ಬರು ತಿಳಿಸಿ ಹೇಳಬೇಕಾಗಿರಲಿಲ್ಲ. ದಿನಗೂಲಿಯವನು.

ಹಳಿಯಾಳದ ಬಸ್ಸು ಬಂತು. ಲೂಸಿ ಕಿಟಕಿಯ ಹತ್ತಿರ ಕೂತಳು. ಗಂಡಸರಿಬ್ಬರೂ ಆ ಕಡೆ ಇನ್ನೂ ಬೆರಳಿನಿಂದ ಗಾಳಿಯಲ್ಲೇ ಕಾಯಿ ನಡೆಸ್ತಾ ಎಲ್ಲಿ ತಪ್ಪಿತು ಅಂತ ವಾದ ಮಾಡ್ತಿದ್ದರು. ಲೂಸಿ ನನ್ನನ್ನು ಹತ್ತಿರ ಕರೆದಳು. ನಿಮ್ಮ ತಮ್ಮಗ ನೌಕರಿ ಆಗ್ಲಿ ಅಂತ ನಾನೂ ಬೇಡ್ಕೋತೇನ್ರಿ ಅಂದಳು. ಎಂಥಾ ಮನಸ್ಸು ಅಂತ ನಾನೂ ಊರಿನವರ ಹಾಗೆ ಹೊಗಳಲಿಕ್ಕೆ ಹೊರಟೆ. ಅವಳ ಮಾತು ಮುಗಿದಿರಲಿಲ್ಲ.

"ನಮ್ಮವ್ರಿಗೆ ಇನ್ನೊಂದ ವರ್ಷ ವಯಸ್ಸ ಐತ್ರಿ ಅಕ್ಕಾರ. ನಿಮ್ಮ ತಮ್ಮ ಹುಬ್ಬಳ್ಳಿಗೆ ಹ್ವಾದ್ರ ಇಲ್ಲಿ ಹಾದಿ ಖುಲ್ಲಾ ಆಗತೈತಿ. ಅಕಸ್ಮಾತ್ ಆಗಲಿಲ್ಲಂದ್ರ, ಮುಂದಿನ ವರ್ಷ ನೀ ಆಡಬ್ಯಾಡ ಅಂತ ನೀವ ಒಂದ ಮಾತ ಹೇಳ್ರಿ. ನಿಮ್ಮ ತಮ್ಮಗ ಹೆಂಗೂ ವಯಸ್ಸ ಮುಗದಿರತೈತಿ. ಬರೇ ಆಟಲ್ಲೇನ್ರಿ?"

ತಪ್ಪು ಕೇಳಿದಳಾ? ಇಲ್ಲ. ಎಷ್ಟು ನೋಡಿದರೂ ಅವಳ ಮಾತಿನಲ್ಲಿ ತಪ್ಪಿಲ್ಲ. ನಾನು ಹೂಂ ಅಂದೆನೋ, ಸುಮ್ಮನೆ ತಲೆ ಆಡಿಸಿದೆನೋ, ಬಸ್ಸು ಹೊರಟಿತು.

ಅರ್ಜಿ ಹೋಗಿದೆ. ಜವಾಬು ಬಂದಿಲ್ಲ. ವಸಂತ ಇವತ್ತು ಬೆಳಿಗ್ಗೆಯೂ ಡಬ್ಬಿ ಹಿಡಕೊಂಡು ಗೇಟಿಗೆ ಹೋದ. ಕೆಲಸ ಸಿಗಲಿಲ್ಲ ಅಂತ ವಾಪಸ್ ಬಂದು, ಈಗ ಪಡಸಾಲೆಯಲ್ಲಿ ಹಲಗೆ ಹಾಸಿಕೊಂಡು ಒಬ್ಬನೇ ಎರಡೂ ಕಡೆ ಆಡ್ತಿದ್ದಾನೆ. ಮುಖದಲ್ಲಿ ಎಷ್ಟು ನೆಮ್ಮದಿ ಅಂತೀರಿ. ಇದನ್ನು ಬರೆಯೋದು ಬಿಟ್ಟು ಎರಡು ಸಲ ಎದ್ದು ಹೋಗಿ ನೋಡಿಬಂದೆ.

ಹೇಳಿ, ನೌಕರಿಯೂ ಆಗದೆ, ವಯಸ್ಸೂ ಮೀರಿ, ಅವನ ಕೈಯಲ್ಲಿ ಇದೊಂದೇ ಉಳಿದರೆ, ಇದನ್ನೂ ಬಿಡಪ್ಪಾ ಅಂತ ನಾನು ಯಾವ ಬಾಯಿಂದ ಹೇಳಲಿ?